ವಚನಗಳ ಪ್ರಸರಣದಲ್ಲಿ ಸಂದರ್ಭ ಮತ್ತು ಅಂಕಿತ

12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಆಡಿದ ವಚನಗಳು ಇಂದು ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳಲ್ಲಿ ಮುಂಜಾನೆಯ ಸಂದೇಶಗಳಾಗಿ ಸಂಚರಿಸುತ್ತಿರುವಾಗ, ಅಂಗೈಯಗಲದ ಪರದೆಯಲ್ಲಿ ಅನುಭಾವದ ಮಾತು ಹಿಡಿಸೀತೇ ಎಂಬ ಆತಂಕ ಸಹಜವಾಗಿಯೇ ಹುಟ್ಟುತ್ತದೆ. ಆದರೆ ವಚನ ಹುಟ್ಟಿನಿಂದಲೇ ಕಿರಿದಾದ ರಚನೆ. ಅನೇಕ ವಚನಗಳು ನಾಲ್ಕೈದು ಸಾಲು ಮೀರುವುದಿಲ್ಲ. ಆದ್ದರಿಂದ ವಿಚಾರಿಸಬೇಕಾದುದು ಅದರ ಅಳತೆಯನ್ನಲ್ಲ, ಅದು ಯಾರ ಮಾತಿಗೆ ಉತ್ತರವಾಗಿ ಬಂದಿತು, ಯಾರ ಅಂಕಿತದಲ್ಲಿ ನಿಂತಿತು ಎಂಬ ತಿಳಿವಳಿಕೆಯನ್ನು ಒಂದೊಂದು ಕಾಲದ ಮಾಧ್ಯಮವೂ ಹೇಗೆ ಕಾಪಾಡಿತು ಅಥವಾ ಕಳೆಯಿತು ಎಂಬುದನ್ನು.

ಕಲ್ಯಾಣದ ಕ್ಷೋಭೆಯ ಬಳಿಕ ಚದುರಿಹೋದ ವಚನಗಳನ್ನು ಕೂಡಿಸುವ ದೊಡ್ಡ ಕೆಲಸ ವಿಜಯನಗರದ ಪ್ರೌಢದೇವರಾಯನ (1424–1446) ಕಾಲದಲ್ಲಿಯೂ ಅದರ ಮುಂದಿನ ದಶಕಗಳಲ್ಲಿಯೂ ನಡೆಯಿತು. ಆಗಿನ ಸಂಕಲನಕಾರರು ಅನುಸರಿಸಿದ ಒಂದು ಕ್ರಮವೆಂದರೆ ಸ್ಥಲಕಟ್ಟು, ಅಂದರೆ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಸಾಧನೆಯ ಆರು ನೆಲೆಗಳಿಗೂ ಅವುಗಳ ಒಳಭೇದಗಳಿಗೂ ತಕ್ಕಂತೆ ವಚನಗಳನ್ನು ಹೊಂದಿಸುವುದು; ಮಹಾಲಿಂಗದೇವನ ಏಕೋತ್ತರಶತಸ್ಥಲವು ಇಂಥ 101 ಸ್ಥಲಗಳ ವ್ಯವಸ್ಥೆಯನ್ನು ಆಧರಿಸಿದೆ. ಇದಕ್ಕಿಂತ ಸಾಹಸದ ಕ್ರಮವೆಂದರೆ ಶೂನ್ಯಸಂಪಾದನೆಯದು. ಶಿವಗಣಪ್ರಸಾದಿ ಮಹಾದೇವಯ್ಯನು ಅಲ್ಲಮಪ್ರಭುವನ್ನು ಕೇಂದ್ರವಾಗಿಟ್ಟುಕೊಂಡು, ಬೇರೆ ಬೇರೆ ಶರಣರ ವಚನಗಳನ್ನು ತನ್ನ ಗದ್ಯದ ಕೊಂಡಿಗಳಿಂದ ಬೆಸೆದು, ಪ್ರಶ್ನೆ, ಪ್ರತಿಪ್ರಶ್ನೆ, ಸಮಾಧಾನಗಳ ಸಂವಾದವನ್ನಾಗಿ ಕಟ್ಟಿದನು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣಾರ್ಯರು ಅದನ್ನು ಮತ್ತೆ ಪರಿಷ್ಕರಿಸಿದರು. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಪ್ರಸಂಗದಲ್ಲಿ ಪ್ರಭುವಿನ ಕಠಿಣ ಪರೀಕ್ಷೆಗೆ ಅವಳು ಕೊಡುವ ಉತ್ತರಗಳಾಗಿ ಅವಳ ವಚನಗಳು ಬರುತ್ತವೆ. ಬಿಡಿಯಾಗಿ ಓದಿದಾಗ ಆತ್ಮನಿವೇದನೆಯಂತೆ ಕಾಣುವ ಮಾತು ಅಲ್ಲಿ ವಾದದ ಬಿಸಿಯನ್ನು ಪಡೆಯುತ್ತದೆ. ಈ ಸಂವಾದಗಳು ಕಲ್ಯಾಣದ ಯಥಾವತ್ ದಾಖಲೆಗಳಲ್ಲ, ಸುಮಾರು ಮೂರು ಶತಮಾನಗಳ ನಂತರದ ಭಾವುಕ ವಿದ್ವಾಂಸರ ಕಟ್ಟಡವೆಂಬುದು ನಿಜ. ಆದರೂ ವಚನವನ್ನು ಎದುರಾಳಿಯಿಲ್ಲದೆ ಓದಲಾಗದು ಎಂಬ ಅವರ ಅರಿವು ಕನ್ನಡದ ವಿಚಾರಪರಂಪರೆಯ ಅತ್ಯಂತ ಬೆಲೆಯುಳ್ಳ ಗಳಿಕೆಗಳಲ್ಲಿ ಒಂದು. ಅರ್ಥವನ್ನು ಒಗಟಿನಂತೆ ಮುಚ್ಚಿಡುವ ಬೆಡಗಿನ ವಚನಗಳಿಗೆ ಟೀಕೆಗಳು ಹುಟ್ಟಿಕೊಂಡದ್ದೂ ಇದೇ ಅರಿವಿನಿಂದ.

ಮುದ್ರಣಯುಗದ ನಾಯಕ ಫ.ಗು. ಹಳಕಟ್ಟಿ (1880–1964). ವೃತ್ತಿಯಿಂದ ವಕೀಲರಾಗಿದ್ದ ಅವರು ಮನೆಮನೆಯ ತಾಡೋಲೆ ಕಟ್ಟುಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು; 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ ಆರಂಭಿಸಿದರು. ಮಠದ ಗೂಡಿನಲ್ಲಿಯೋ ಮನೆಯ ಜಗಲಿಯಲ್ಲಿಯೋ ಪೂಜೆಗೊಳ್ಳುತ್ತಿದ್ದ ಗ್ರಂಥವು ಅಂಚೆಯಲ್ಲಿ ಬರುವ ಪತ್ರಿಕೆಯಾದಾಗ ಓದುಗನಿಗೆ ದೀಕ್ಷೆಯ ಹಂಗು ಉಳಿಯಲಿಲ್ಲ. ಆದರೂ ಹಳಕಟ್ಟಿಯವರು ವಚನಗಳನ್ನು ವಿಷಯವಾರು ವಿಂಗಡಿಸಿ, ವಿವರಣೆಯೊಡನೆ ಕೊಟ್ಟದ್ದರಿಂದ, ಹೊಸ ಓದುಗನು ಒಬ್ಬಂಟಿಯಾಗಲಿಲ್ಲ. ಅವರು ಹಾಕಿದ ದಾರಿಯ ಮುಂದುವರಿಕೆಯಾಗಿ ಕರ್ನಾಟಕ ಸರ್ಕಾರವು 1993ರಲ್ಲಿ 15 ಸಂಪುಟಗಳ ಸಮಗ್ರ ವಚನ ಸಂಪುಟವನ್ನು ಪ್ರಕಟಿಸಿತು. ಅದರ ಪ್ರಧಾನ ಸಂಪಾದಕರು ಎಂ.ಎಂ. ಕಲಬುರ್ಗಿ.

ಅಂಕಿತವೆಂದರೆ ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ರಚನೆಯಲ್ಲಿ ಇರಿಸುವ ಮುದ್ರೆ: ಬಸವಣ್ಣನದು ಕೂಡಲಸಂಗಮದೇವ, ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಪ್ರತಿ ಮಾಡುವವನ ಹೆಸರು ಅಳಿದರೂ ಕರ್ತೃವನ್ನು ಗುರುತಿಸಲು ಸಾಧ್ಯವಾದದ್ದು ಮುಖ್ಯವಾಗಿ ಇದರಿಂದಲೇ. ಅದರ ತೂಕವೆಷ್ಟೆಂಬುದನ್ನು ಒಂದು ಆಧುನಿಕ ವಿವಾದ ತೋರಿಸುತ್ತದೆ. ಮಾತೆ ಮಹಾದೇವಿಯವರು ಬಸವ ವಚನ ದೀಪ್ತಿಯಲ್ಲಿ ಕೂಡಲಸಂಗಮದೇವ ಎಂಬಲ್ಲಿ ಲಿಂಗದೇವ ಎಂದು ಬದಲಿಸಿದಾಗ, ಕರ್ನಾಟಕ ಸರ್ಕಾರವು 1998ರಲ್ಲಿ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕವನ್ನು ನಿಷೇಧಿಸುವುದು ಸರಿಯೇ ಎಂಬುದು ಬೇರೆಯೇ ಚರ್ಚೆ. ಒಂದು ಪದದ ಬದಲಾವಣೆಗೆ ಸಮುದಾಯವೇ ಎದ್ದುನಿಂತಿತೆಂಬುದು ಇಲ್ಲಿ ಗಮನಾರ್ಹ.

ಸಾಮಾಜಿಕ ಜಾಲತಾಣಗಳಲ್ಲಿ ಅದೇ ಅಂಕಿತ ಯಾರ ಗಮನಕ್ಕೂ ಬಾರದೆ ಕಳಚಿಹೋಗುತ್ತದೆ. ಹೂವಿನ ಚಿತ್ರದ ಮೇಲೆ ಅಚ್ಚಾಗುವ ವಚನದ ಕೊನೆಯ ಸಾಲು, ಸ್ಥಳ ಸಾಲದೆಯೋ ಸೂಕ್ತಿಯಂತೆ ಕಾಣಲೆಂದೋ ಕತ್ತರಿಸಲ್ಪಡುತ್ತದೆ. ಬರಹವು ಚಿತ್ರರೂಪದಲ್ಲಿರುವುದರಿಂದ ಪದವನ್ನು ಹಿಡಿದು ಮೂಲವನ್ನು ಹುಡುಕುವುದು ಸಾಮಾನ್ಯ ಓದುಗನಿಗೆ ಕಷ್ಟವಾಗುತ್ತದೆ. 2018ರಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯು ದಾಟಿಸಿದ ಸಂದೇಶಗಳಿಗೆ ಫಾರ್ವರ್ಡೆಡ್ ಎಂಬ ಗುರುತನ್ನು ಸೇರಿಸಿ, ಭಾರತದಲ್ಲಿ ಒಮ್ಮೆಗೆ 5 ಕಡೆಗೆ ಮಾತ್ರ ದಾಟಿಸಬಹುದೆಂಬ ಮಿತಿಯನ್ನು ಹಾಕಿತು. ಈ ಕ್ರಮವು ವೇಗವನ್ನು ತಗ್ಗಿಸಿತೇ ಹೊರತು, ಮಾತು ಯಾರದೆಂಬುದನ್ನು ಆ ಗುರುತು ಹೇಳುವುದಿಲ್ಲ. ಕೆಡುಕಿನ ಲೆಕ್ಕವಷ್ಟೇ ಇಲ್ಲಿಲ್ಲ: ಗ್ರಂಥಾಲಯದಿಂದ ದೂರವಿರುವ, ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೂ ವಚನವು ಕ್ಷಣದಲ್ಲಿ ತಲುಪುತ್ತಿರುವುದು ಹಳಕಟ್ಟಿಯವರ ಕನಸಿಗೆ ಹತ್ತಿರವಾದ ಸಂಗತಿಯೇ.

ಯೂನಿಕೋಡ್ ಅಕ್ಷರವ್ಯವಸ್ಥೆಯನ್ನು ಬಳಸಿ ರೂಪುಗೊಂಡ ವಚನ ಸಂಚಯ ಜಾಲತಾಣದಲ್ಲಿ ಒಂದು ಪದವು ಯಾವ ಯಾವ ವಚನಗಳಲ್ಲಿ ಬಂದಿದೆಯೆಂದು ಹುಡುಕಬಹುದಾಗಿದ್ದು, ಅಂಕಿತ ಕಳೆದುಕೊಂಡ ಸಾಲಿನ ಕರ್ತೃವನ್ನು ಪತ್ತೆಹಚ್ಚುವುದು ಈಗ ಸುಲಭವಾಗಿದೆ. ಆದರೆ ಸಮಗ್ರ ಸಂಪುಟದಂತೆ ಅಲ್ಲಿಯೂ ವಚನಗಳು ಕರ್ತೃವಾರು ನಿಂತಿವೆ. ಒಂದು ವಚನವು ಶೂನ್ಯಸಂಪಾದನೆಯ ಯಾವ ಪರಿಷ್ಕರಣದಲ್ಲಿ, ಯಾರ ಪ್ರಶ್ನೆಗೆ ಉತ್ತರವಾಗಿ ಬರುತ್ತದೆ ಎಂಬುದನ್ನು ಅದರ ಪಕ್ಕದಲ್ಲಿಯೇ ತೋರಿಸುವ ಕೊಂಡಿಗಳನ್ನು ಹೆಣೆಯುವುದು ಕನ್ನಡದ ಗ್ರಂಥಸಂಪಾದನೆಯ ಮುಂದಿರುವ ತುರ್ತು ಕೆಲಸ, ಮತ್ತು ಅದಕ್ಕೆ ಬೇಕಾದ ನಾಲ್ಕೂ ಪಠ್ಯಗಳು ಅಚ್ಚಿನಲ್ಲಿ ಲಭ್ಯವಿವೆ.