ಮಿಕ್ಕ ಸರಕು ಹಸಿದವರ ಪಾಲಾದ ಬಗೆ



ಮಠದ ಪ್ರಸಾದ ನಿಲಯದ ಪಂಕ್ತಿಯಲ್ಲಿ ಕುಳಿತು ಉಂಡು ವಿದ್ಯೆ ಕಲಿತ ತಮಗೆ ಅನ್ನದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಹಿರಿಯರ ಕಣ್ಣು ಕೆಂಪಗಾಗುತ್ತಿದ್ದುದನ್ನು ತಾವು ಮರೆತಿರಲಾರಿರಿ. ಆದರೆ ವ್ಯಾಪಾರದ ಜಗತ್ತಿನ ನಡೆಯೇ ಬೇರೆ. ಅಲ್ಲಿ ಮಾರಾಟವಾಗದೆ ಉಳಿದ ಸರಕು, ಉಣ್ಣಲು ಎಷ್ಟೇ ಯೋಗ್ಯವಾಗಿದ್ದರೂ, ವ್ಯಾಪಾರಿಯ ಪಾಲಿಗೆ ಹೊರೆಯೇ ಸರಿ. ಅಂತಹ ಸರಕು ಹಸಿದವರ ಮನೆ ಸೇರುವ ವ್ಯವಸ್ಥೆಯೊಂದು ಹುಟ್ಟಿ ಬೆಳೆದ ಇತಿಹಾಸವನ್ನು ಇಲ್ಲಿ ನಿವೇದಿಸಲಾಗಿದೆ.

ಈ ಕಥೆಯ ಆರಂಭ ಅಮೆರಿಕದ ಅರಿಜೋನಾ ಪ್ರಾಂತ್ಯದ ಫೀನಿಕ್ಸ್ ನಗರದಲ್ಲಿ. ವಿಸ್ಕಾನ್ಸಿನ್ ಪ್ರಾಂತ್ಯದಲ್ಲಿ 1923ರಲ್ಲಿ ಜನಿಸಿದ ಜಾನ್ ವ್ಯಾನ್ ಹೆಂಗಲ್ ಎಂಬ ಗೃಹಸ್ಥರು ನಾನಾ ಉದ್ಯೋಗಗಳಲ್ಲಿ ತೊಡಗಿ, ಏಳುಬೀಳು ಕಂಡು, ಕಡೆಗೆ ಈ ಊರಿಗೆ ಬಂದು ನೆಲೆಸಿದರು. ಬಡವರಿಗೆ ಉಚಿತವಾಗಿ ಊಟವಿಕ್ಕುವ ಕ್ರೈಸ್ತ ಭೋಜನಶಾಲೆಯೊಂದರಲ್ಲಿ ಸ್ವಯಂಸೇವಕರಾಗಿ ದುಡಿಯುತ್ತಿದ್ದ ಅವರು, ಹಳೆಯ ವಾಹನವೊಂದರಲ್ಲಿ ಊರು ಸುತ್ತಿ, ಯಾರೂ ಕೀಳದೆ ಮರದಲ್ಲೇ ಉಳಿದ ಕಿತ್ತಳೆ ಜಾತಿಯ ಹಣ್ಣುಗಳನ್ನು ಸಂಗ್ರಹಿಸಿ ತರುತ್ತಿದ್ದರು.

ಆ ದಿನಗಳಲ್ಲಿ ಅವರಿಗೆ ಹತ್ತು ಮಕ್ಕಳ ತಾಯಿಯೊಬ್ಬಳ ಪರಿಚಯವಾಯಿತು. ದಿನಸಿ ಅಂಗಡಿಯೊಂದರ ಹಿಂದಿನ ಕಸದ ತೊಟ್ಟಿಗಳಿಂದ ಆಹಾರವನ್ನು ಆರಿಸಿ ತಂದು ಆಕೆ ಮಕ್ಕಳ ಹೊಟ್ಟೆ ತುಂಬಿಸುತ್ತಿದ್ದಳು. ಹೆಂಗಲ್‌ರು ಹೋಗಿ ನೋಡಿದರೆ, ಎಸೆದ ಪದಾರ್ಥಗಳಲ್ಲಿ ಹಿಮಗಟ್ಟಿಸಿದ ಆಹಾರವು ಇನ್ನೂ ಕರಗದೆ ಹಾಗೆಯೇ ಇತ್ತು! ಹಣವನ್ನಿಟ್ಟು ತೆಗೆಯುವ ಬ್ಯಾಂಕಿನಂತೆ, ಅಂಗಡಿಯವರು ಎಸೆಯುವ ಆಹಾರವನ್ನು ತಂದಿಡುವ, ಬೇಕಾದವರು ಒಯ್ಯುವ ಜಾಗವೊಂದಿದ್ದರೆ ಎಷ್ಟು ಚೆನ್ನ ಎಂದು ಸೂಚಿಸಿದವಳು ಆಕೆಯೇ. ಸಂಸ್ಥಾಪಕರ ಹೆಸರು ಜಗತ್ತಿಗೆಲ್ಲ ತಿಳಿಯಿತು. ಆದರೆ ಮೂಲ ವಿಚಾರವು ಹಸಿವನ್ನು ಉಂಡು ಬಲ್ಲ ಒಬ್ಬ ತಾಯಿಯದು ಎಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕೆಂದು ನನ್ನ ಬಿನ್ನಹ.

ಸೇಂಟ್ ಮೇರಿ ಇಗರ್ಜಿಯವರು 3,000 ಡಾಲರುಗಳನ್ನೂ, ಬ್ರೆಡ್ಡು ಸುಡುತ್ತಿದ್ದು ಅನಂತರ ಪಾಳುಬಿದ್ದಿದ್ದ ಕಟ್ಟಡವೊಂದನ್ನೂ ನೀಡಿದರು. 1967ರಲ್ಲಿ ಅಲ್ಲಿ ಪ್ರಾರಂಭವಾದುದೇ ಸೇಂಟ್ ಮೇರಿ ಆಹಾರ ಬ್ಯಾಂಕು. ಮೊದಲ ವರ್ಷದಲ್ಲಿಯೇ 2,75,000 ಪೌಂಡು, ಎಂದರೆ ಸುಮಾರು ಒಂದೂಕಾಲು ಲಕ್ಷ ಕಿಲೋಗ್ರಾಂ ಆಹಾರವು ಅಲ್ಲಿಂದ ಸ್ಥಳೀಯ ಸೇವಾಸಂಸ್ಥೆಗಳಿಗೆ ಸಂದಿತು. ಬ್ಯಾಂಕು ತಾನೇ ಬಡಿಸುವುದಕ್ಕಿಂತ ಮಿಗಿಲಾಗಿ ಊರಿನ ಅನಾಥಾಲಯ, ಭೋಜನಶಾಲೆಗಳಿಗೆ ಉಗ್ರಾಣವಾಯಿತು. ನಜ್ಜಿದ ಡಬ್ಬಿ, ತಪ್ಪಾಗಿ ಮುದ್ರಿತವಾದ ಚೀಟಿ, ಹಬ್ಬ ಕಳೆದ ಮೇಲೆ ಉಳಿದ ಹಬ್ಬದ ಪೊಟ್ಟಣ, ಅವಧಿ ಸಮೀಪಿಸಿದ ಸರಕು—ವ್ಯಾಪಾರಿಗೆ ಬೇಡವಾದುದೆಲ್ಲ ಅಲ್ಲಿ ಸಲ್ಲುತ್ತಿತ್ತು.

ವ್ಯಾಪಾರಿಗಳು ಕರುಣೆಯೊಂದರಿಂದಲೇ ಕೊಟ್ಟರೆಂದು ಭಾವಿಸುವುದು ಸರಿಯಲ್ಲ. ಇಲ್ಲಿ ತೆರಿಗೆಯ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಒಂದು ಸರಕಿನ ಅಸಲು 10 ಡಾಲರು, ಮಾರುವ ಬೆಲೆ 16 ಡಾಲರು ಎಂದಿಟ್ಟುಕೊಳ್ಳಿ. 1969ರ ತೆರಿಗೆ ಸುಧಾರಣಾ ಶಾಸನದ ತರುವಾಯ, ಅದನ್ನು ದಾನವಿತ್ತ ಕಂಪನಿಯು ತನ್ನ ಆದಾಯದಲ್ಲಿ ಅಸಲಾದ 10 ಡಾಲರನ್ನು ಮಾತ್ರ ಕಳೆದು ತೋರಿಸಬಹುದಾಗಿತ್ತು. ಹಾಳೆಂದು ತಿಪ್ಪೆಗೆ ಎಸೆದರೂ ಅಷ್ಟೇ ಸಿಗುತ್ತಿತ್ತು! ಅಂದ ಮೇಲೆ ಸಾಗಣೆಯ ಖರ್ಚು ಹೊತ್ತು ದಾನಮಾಡುವವರಾರು? 1976ರ ಶಾಸನವು ಇದನ್ನು ತಿದ್ದಿತು. ರೋಗಿಗಳು, ದೀನರು, ಎಳೆಯ ಮಕ್ಕಳು ಇವರ ಉಪಯೋಗಕ್ಕೆ ಕೊಟ್ಟರೆ ಅಸಲಿನೊಡನೆ ಲಾಭಾಂಶದ ಅರ್ಧವನ್ನೂ, ಎಂದರೆ ನಮ್ಮ ಉದಾಹರಣೆಯಲ್ಲಿ 13 ಡಾಲರನ್ನು, ಕಳೆಯಬಹುದೆಂದಾಯಿತು. ಪಡೆದವರು ಅದನ್ನು ಹಣಕ್ಕೆ ಮಾರಕೂಡದೆಂಬ ಕಟ್ಟಳೆಯೂ ಇತ್ತು. 1977ರ ವೇಳೆಗೆ 18 ನಗರಗಳಲ್ಲಿ ಆಹಾರ ಬ್ಯಾಂಕುಗಳು ತಲೆಯೆತ್ತಿದವು. 1979ರಲ್ಲಿ ಅವೆಲ್ಲ ಸೆಕೆಂಡ್ ಹಾರ್ವೆಸ್ಟ್ ಎಂಬ ಒಕ್ಕೂಟವಾದವು. 2008ರಲ್ಲಿ ಅದರ ಹೆಸರು ಫೀಡಿಂಗ್ ಅಮೆರಿಕ ಎಂದು ಬದಲಾಯಿತು. ಕೊಟ್ಟ ಆಹಾರದಿಂದ ಯಾರಿಗಾದರೂ ಕೇಡಾದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತೆಂಬ ಭೀತಿ ಮಾತ್ರ ಬಹುಕಾಲ ಉಳಿದಿತ್ತು. ಸದುದ್ದೇಶದಿಂದ ಕೊಟ್ಟವರಿಗೆ ಇಡೀ ದೇಶದಲ್ಲಿ ರಕ್ಷಣೆ ದೊರೆತದ್ದು 1996ರ ಶಾಸನದಿಂದ.

ಮಿಕ್ಕದ್ದನ್ನು ಹಂಚುವುದೂ ಸುಲಭದ ಕೆಲಸವಲ್ಲ. ಕೇಂದ್ರ ಕಚೇರಿಯು ಸರದಿಯ ಪ್ರಕಾರ ಸರಕನ್ನು ಹಂಚುತ್ತಿದ್ದ ಕಾಲದಲ್ಲಿ, ಆಲೂಗಡ್ಡೆ ಹೇರಳವಾಗಿ ಬೆಳೆಯುವ ಐಡಾಹೋ ಪ್ರಾಂತ್ಯಕ್ಕೆ ಮತ್ತೆ ಆಲೂಗಡ್ಡೆಯೇ ಬರುವಂತಾಗುತ್ತಿತ್ತು. 2005ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರ ನೆರವಿನಿಂದ, ಪ್ರತಿ ಬ್ಯಾಂಕಿಗೂ ಅದರ ಪ್ರದೇಶದ ಬಡವರ ಸಂಖ್ಯೆಗೆ ತಕ್ಕಂತೆ ಒಂದು ಬಗೆಯ ಕೃತಕ ನಾಣ್ಯವನ್ನು ಕೊಟ್ಟು, ಬೇಕಾದುದನ್ನು ಹರಾಜಿನಲ್ಲಿ ಕೂಗಿ ಪಡೆಯುವ ಏರ್ಪಾಡಾಯಿತು. ಸೇವೆಯಲ್ಲಿ ಸಂತೆಯ ರೀತಿ ಸಲ್ಲದೆಂದು ಮೊದಲು ವಿರೋಧಿಸಿದವರೂ ಇದ್ದರು. ಹೆಂಗಲ್‌ರು ತೀರಿಕೊಂಡದ್ದೂ ಅದೇ ವರ್ಷ, ಫೀನಿಕ್ಸ್ ನಗರದಲ್ಲಿಯೇ. ಕೊನೆಯವರೆಗೂ ಅವರದು ಅತಿ ಸರಳವಾದ ಬಾಳು.

ಯೂರೋಪಿನಲ್ಲಿ ಮೊದಲ ಆಹಾರ ಬ್ಯಾಂಕು ಪ್ಯಾರಿಸ್ಸಿನಲ್ಲಿ 1984ರಲ್ಲಿ ಸ್ಥಾಪಿತವಾಯಿತು. ಫ್ರಾನ್ಸ್ ದೇಶವು 2016ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, 400 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಉಣ್ಣಲು ಯೋಗ್ಯವಾದ ಮಿಕ್ಕ ಆಹಾರವನ್ನು ಬೇಕೆಂದೇ ಕೆಡಿಸಕೂಡದು, ಸೇವಾಸಂಸ್ಥೆಗಳೊಡನೆ ಒಪ್ಪಂದಕ್ಕೆ ಮುಂದಾಗಬೇಕು ಎಂದು ವಿಧಿಸಿತು.

ಇದೆಲ್ಲ ದಾನವೇ ಎಂದು ತಾವು ಕೇಳಬಹುದು. ನಮ್ಮ ದಾಸೋಹದ ಮನೆಗೆ ರೈತನು ತರುವ ಕಾಳು ಕಣದಲ್ಲಿ ರಾಶಿಯಾದೊಡನೆ ಬೇರೆ ತೆಗೆದಿರಿಸಿದ್ದು, ಮಾರಿ ಮಿಕ್ಕಿದ್ದಲ್ಲ. ಆ ಅಂತರ ಸಣ್ಣದಲ್ಲ. ತಮಗೆ ಬೇಡವಾದ ಕಸವನ್ನೇ ಸೇವಾಸಂಸ್ಥೆಗಳ ಬಾಗಿಲಿಗೆ ಸುರಿದು ತೆರಿಗೆ ಉಳಿಸಿಕೊಳ್ಳುವವರಿದ್ದಾರೆಂಬ ದೂರು ಪಶ್ಚಿಮದಲ್ಲೂ ಇದೆ. ಆದರೂ, ತೊಟ್ಟಿಗೆ ಕೈಹಾಕುತ್ತಿದ್ದ ಆ ತಾಯಿಯ ಕಡೆಯಿಂದ ನೋಡಿದರೆ, ಕೊಟ್ಟವನ ಮನಸ್ಸನ್ನು ಅಳೆಯುವುದಕ್ಕಿಂತ ಡಬ್ಬಿ ಕೆಡುವ ಮುನ್ನ ಕೈಸೇರುವುದೇ ದೊಡ್ಡದಾಗಿ ಕಾಣುತ್ತದೆ.

ನಮ್ಮ ದೇಶದಲ್ಲಿ ಮಿಕ್ಕ ಆಹಾರದ ಸಂಗ್ರಹಣೆ ಮತ್ತು ವಿತರಣೆಗೆ 2019ರಲ್ಲಿ ನಿಯಮಾವಳಿ ರಚಿತವಾಗಿದೆ. ಆದರೆ 2017ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 17ನೆಯ ಕಲಮು, ಕೊಳ್ಳುವಾಗ ತೆತ್ತ ತೆರಿಗೆಯನ್ನು ಮರಳಿ ಲೆಕ್ಕಕ್ಕೆ ತೆಗೆದುಕೊಳ್ಳಲಾಗದ ಸರಕುಗಳನ್ನು ಹೆಸರಿಸುವಾಗ, ಕಳವಾದುದನ್ನು, ನಾಶವಾದುದನ್ನು ಮತ್ತು ಉಚಿತವಾಗಿ ಕೊಟ್ಟುದನ್ನು ಒಂದೇ ಸಾಲಿನಲ್ಲಿ ಸೇರಿಸಿದೆ. ಅಂಗಡಿ ಮುಂಗಟ್ಟುಗಳನ್ನು ನಡೆಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ತಮ್ಮ ಲೆಕ್ಕಪರಿಶೋಧಕರನ್ನು ಕೇಳಿದರೆ ಆ ಸಾಲನ್ನು ತೆರೆದು ತೋರಿಸಿಯಾರು.