ಒಳಲೆಯಿಂದ ಬಾಟಲಿಗೆ

ಕೂಸಿಗೆ ಹಾಲು ಕುಡಿಸುವ ಪುಟ್ಟ ಪಾತ್ರೆಗೆ ಕನ್ನಡದಲ್ಲಿ ಒಳಲೆ ಎಂಬ ಹೆಸರಿದೆ. ಅಂಗೈಯಲ್ಲಿ ಹಿಡಿಸುವ ಬಟ್ಟಲು, ಮುಂದಕ್ಕೆ ಚಾಚಿದ ಸಣ್ಣ ಮೂತಿ. ತಾಯಿಯ ಹಾಲು ಸಾಲದಿದ್ದಾಗ, ಔಷಧ ಹಾಕಬೇಕಾದಾಗ ಹಿರಿಯ ಹೆಂಗಸರು ಅದನ್ನು ಕೈಗೆತ್ತಿಕೊಳ್ಳುತ್ತಿದ್ದರು. ಬಾಯಿ ತೆರೆದ ಪಾತ್ರೆಯಾದ್ದರಿಂದ ಬೆರಳು ಹಾಕಿ ತಿಕ್ಕಬಹುದಿತ್ತು, ನೀರಿನಲ್ಲಿ ಕುದಿಸಬಹುದಿತ್ತು. ಇಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಂಗಡಿಗಳಲ್ಲಿ ನನ್ನ ಕಣ್ಣಿಗೆ ಬೀಳುವುದು ಬಣ್ಣಬಣ್ಣದ ಪ್ಲಾಸ್ಟಿಕ್ ಬಾಟಲಿ. ಅದು ಇಲ್ಲಿಗೆ ತಲುಪಿದ ಹಾದಿ ದೂರದ್ದು.

1845ರಲ್ಲಿ ಅಮೆರಿಕದ ಎಲೈಜಾ ಪ್ರ್ಯಾಟ್ ರಬ್ಬರಿನ ನಿಪ್ಪಲ್‌ಗೆ ಪೇಟೆಂಟ್ ಪಡೆದ. ಅದೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಉದ್ದ ರಬ್ಬರ್ ನಳಿಗೆಯ ಗಾಜಿನ ಬಾಟಲಿಗಳು ಮನೆಮಾತಾದವು. ಕೂಸು ತಾನೇ ಮಲಗಿ ಕುಡಿಯುತ್ತಿತ್ತು, ತಾಯಿಗೆ ಕೈ ಬಿಡುವು. ಆದರೆ ನಳಿಗೆಯ ಒಳಗನ್ನು ತೊಳೆಯಲು ಆಗುತ್ತಿರಲಿಲ್ಲ. ಹಾಲು ಅಲ್ಲೇ ಕೊಳೆತು ಎಷ್ಟೋ ಶಿಶುಗಳು ಸತ್ತವು. ಜನ ಅವನ್ನು ಕೊಲೆಗಡುಕ ಬಾಟಲಿ ಎಂದೇ ಕರೆದರು.

ಪ್ಲಾಸ್ಟಿಕ್ಕಿನ ಕತೆ ಇನ್ನೂ ವಿಚಿತ್ರ. ಬಿಸ್ಫಿನಾಲ್-ಎ, ಅಂದರೆ ಬಿಪಿಎ, ಎಂಬ ರಾಸಾಯನಿಕವನ್ನು ರಷ್ಯದ ಡಯಾನಿನ್ 1891ರಲ್ಲಿ ತಯಾರಿಸಿದ್ದ. ಅದು ದೇಹದೊಳಗೆ ಸ್ತ್ರೀ ಹಾರ್ಮೋನು ಈಸ್ಟ್ರೊಜೆನ್ ಹಾಗೆ ವರ್ತಿಸುತ್ತದೆ ಎಂದು ಲಂಡನ್ನಿನ ಎಡ್ವರ್ಡ್ ಚಾರ್ಲ್ಸ್ ಡಾಡ್ಸ್ 1936ರಲ್ಲೇ ತೋರಿಸಿದ. ಅದರಿಂದಲೇ ಮಾಡುವ ಪಾಲಿಕಾರ್ಬೊನೇಟ್ ಕಂಡುಹಿಡಿದದ್ದು 1953ರಲ್ಲಿ. ಗಾಜಿನಂತೆ ತಿಳಿ, ಬಿದ್ದರೆ ಒಡೆಯದು. ಹಾಲಿನ ಬಾಟಲಿಗೆ ಒಪ್ಪುವ ವಸ್ತುವೆಂದು ಎಲ್ಲರೂ ನಂಬಿದರು. ಬಿಸಿ ತಗುಲಿದಷ್ಟೂ ಬಿಪಿಎ ಹಾಲಿಗೆ ಇಳಿಯುತ್ತದೆ. ಅಂದರೆ ಪಾಲಿಕಾರ್ಬೊನೇಟಿಗಿಂತ 17 ವರ್ಷ ಮೊದಲೇ ಎಚ್ಚರಿಕೆ ಪ್ರಕಟವಾಗಿತ್ತು. ಕೂಸಿನ ಬಾಟಲಿಯಲ್ಲಿ ಅದು ಬೇಡವೆಂದು ಕೆನಡಾ ಹೇಳಿದ್ದು 2008ರಲ್ಲಿ, ಐರೋಪ್ಯ ಒಕ್ಕೂಟ 2011ರಲ್ಲಿ, ಅಮೆರಿಕ 2012ರಲ್ಲಿ. ಭಾರತದ ಮಾನಕ ಐಎಸ್ 14625 ಅದನ್ನು ಹೊರಗಿಟ್ಟದ್ದು 2015ರಲ್ಲಿ.

ನಮ್ಮಲ್ಲಿ ಕಾನೂನು ಅದಕ್ಕೂ ಮೊದಲೇ ಇತ್ತು. 1992ರ ಶಿಶು ಹಾಲಿನ ಬದಲಿಗಳ ಕಾಯ್ದೆ ಬಾಟಲಿಯ ಜಾಹೀರಾತನ್ನೇ ನಿಷೇಧಿಸಿತು. ಐಎಸ್ಐ ಗುರುತಿಲ್ಲದ ಬಾಟಲಿ ಮಾರಬಾರದು ಎಂದಿತು. ಕಲುಷಿತ ನೀರು, ನೀರು ಹೆಚ್ಚಾದ ಹಾಲಿನಪುಡಿ ಕೂಸುಗಳನ್ನು ಕೊಲ್ಲುತ್ತವೆ ಎಂಬ ಜಗತ್ತಿನ ಕಹಿ ಅನುಭವ ಅದರ ಹಿಂದೆ ಇತ್ತು. ಹೀಗಿದ್ದೂ ಗುರುತೇ ಇಲ್ಲದ ಅಗ್ಗದ ಬಾಟಲಿಗಳನ್ನು ಈ ತಾಲ್ಲೂಕುಗಳ ಸಂತೆಯಲ್ಲಿ ನಾನು ಕಂಡಿದ್ದೇನೆ. ಅವನ್ನು ಕೊಳ್ಳುವವರನ್ನು ಹಳಿಯಲಾರೆ. ಮಹಾರಾಷ್ಟ್ರ, ಗೋವಾಕ್ಕೆ ಗುಳೆ ಹೋಗುವ ಮನೆಗಳಲ್ಲಿ, ಹೊಲದ ಕೂಲಿಗೆ ಹೊರಡುವ ಬಾಣಂತಿಗೆ, ಬಾಟಲಿ ಶೋಕಿಯಲ್ಲ. ಕೂಸನ್ನು ಅಜ್ಜಿಯ ಬಳಿ ಬಿಡಲು ಇರುವ ಒಂದೇ ದಾರಿ.

'ಬಿಪಿಎ ಮುಕ್ತ' ಎಂಬ ಚೀಟಿಯೂ ಅರ್ಧ ಮಾತೇ. ಏನಿಲ್ಲ ಎಂದು ಅದು ಹೇಳುತ್ತದೆ, ಏನಿದೆ ಎಂದಲ್ಲ. ಈಗಿನ ಬಾಟಲಿಗಳು ಬಹುಪಾಲು ಪಾಲಿಪ್ರೊಪಿಲೀನಿನವು. 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು ಇಂಥ ಬಾಟಲಿಗಳಿಂದ ಲೀಟರಿಗೆ 1.6 ಕೋಟಿವರೆಗೆ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುಗಡೆಯಾಗುವುದನ್ನು ಎಣಿಸಿದರು. ನೀರು ಬಿಸಿಯಾದಷ್ಟೂ ಕಣ ಹೆಚ್ಚು. ಅವರ ಸಲಹೆ ನಮ್ಮ ಅಡುಗೆಮನೆಗೂ ಸಲ್ಲುತ್ತದೆ: ಬಿಸಿ ಹಾಲನ್ನು ಸ್ಟೀಲು ಅಥವಾ ಗಾಜಿನ ಪಾತ್ರೆಯಲ್ಲಿ ಕಲಸಿ, ಆರಿದ ಮೇಲಷ್ಟೇ ಬಾಟಲಿಗೆ ಹಾಕಬೇಕು.

ಹಾಲು ಚೀಪಲಾರದ, ತೂಕ ಕಡಿಮೆಯ ಕೂಸುಗಳಿಗೆ ಆಸ್ಪತ್ರೆಗಳಲ್ಲಿ ದಾದಿಯರು ಇವತ್ತಿಗೂ ಬಾಟಲಿ ಕೊಡುವುದಿಲ್ಲ. ತಾಯಿಯ ಹಾಲನ್ನೇ ಹಿಂಡಿ ಬಟ್ಟಲು, ಚಮಚ ಅಥವಾ ಒಳಲೆಯಲ್ಲಿ ಕುಡಿಸುತ್ತಾರೆ. ಹೊಸ ವಸ್ತು ಬಂದಾಗಲೆಲ್ಲ ಹಳೆಯದರ ಗುಣವನ್ನು ಮರೆತ ಚರಿತ್ರೆ ಇದು. ತೊಳೆಯಲು ಬರುವ ಪಾತ್ರೆ ಮೇಲು ಎಂಬ ಅಜ್ಜಿಯರ ಲೆಕ್ಕ ಮಾತ್ರ ಈವರೆಗೂ ಸುಳ್ಳಾಗಿಲ್ಲ.