ಪುಕ್ಕಟೆ ಕುರ್ಚಿಯ ಲೆಕ್ಕ: ಧೋಬಿ ತಲಾವಿನಿಂದ ಕಾಲಾ ಘೋಡಾವರೆಗೆ

ಕಳೆದ ವರ್ಷ ನಮ್ಮ ಉಪನಗರದ ಪುಟ್ಟ ಕನ್ನಡ ಸಂಘದ ಸಭೆಯಲ್ಲಿ ಒಂದು ಸಣ್ಣ ಜಗಳವಾಯಿತು. ಊರಿನಿಂದ ಮೇಳ ಕರೆಸಿ ಯಕ್ಷಗಾನ ಆಡಿಸುವುದೆಂದು ಆಗಲೇ ತೀರ್ಮಾನವಾಗಿತ್ತು. ಟಿಕೆಟ್ ಇಡಬೇಕೋ ಬೇಡವೋ ಎಂಬುದಷ್ಟೇ ಉಳಿದಿತ್ತು.

"ಪುಕ್ಕಟೆ ಕೊಟ್ಟರೆ ಯಾರಿಗೂ ಬೆಲೆ ಇರುವುದಿಲ್ಲ ಮಾರಾಯ್ರೆ" ಎಂದರು ಖಜಾಂಚಿಗಳು. ಮೂವತ್ತು ವರ್ಷ ಹೋಟೆಲ್ ನಡೆಸಿದವರು, ಲೆಕ್ಕ ಗೊತ್ತಿದ್ದವರು.

"ಟಿಕೆಟ್ ಇಟ್ಟರೆ ನಿಮ್ಮ ಹೋಟೆಲಿನ ಹುಡುಗರೇ ಬರುವುದಿಲ್ಲವಲ್ಲ ಶೆಟ್ರೆ" ಎಂದೆ ನಾನು. ಅವರು ನಕ್ಕರು, ಆದರೆ ಒಪ್ಪಲಿಲ್ಲ. ಮುಂದಿನ ಸಭೆಯಲ್ಲಿ ನೋಡೋಣ ಎಂದು ಚಹಾ ಕುಡಿದು ಎದ್ದೆವು.

ನನ್ನ ಆಫೀಸು ಫೋರ್ಟಿನಲ್ಲಿ. ಸಂಜೆ ಲೋಕಲ್ಲಿನ ನೂಕುನುಗ್ಗಲು ಇಳಿಯುವವರೆಗೆ ಆ ಕಡೆಯ ಬೀದಿಗಳಲ್ಲಿ ಅಲೆಯುವುದು ಹಳೆಯ ಚಾಳಿ. ಆ ವಾರವೆಲ್ಲ ಶೆಟ್ರ ಮಾತು ತಲೆಯಲ್ಲಿತ್ತು. ಧೋಬಿ ತಲಾವಿನಿಂದ ಕಾಲಾ ಘೋಡಾಕ್ಕೆ ನಿಧಾನವಾಗಿ ನಡೆದರೆ ಅರ್ಧ ಗಂಟೆಯೂ ಬೇಡ. ಆ ಹಾದಿಯಲ್ಲೇ, ನಮಗೆ ಸಂಬಂಧವೇ ಇಲ್ಲವೆಂದು ನಾನು ತಿಳಿದಿದ್ದ ಒಂದು ಸಂಗೀತದ ಚರಿತ್ರೆ ಬಿದ್ದುಕೊಂಡಿದೆ. ಜಾಝ್ ಎಂಬ ಆ ಸಂಗೀತವನ್ನು ಈ ಊರಲ್ಲಿ ಯಾರು ನುಡಿಸಿದರು, ಯಾರು ಕೇಳಿದರು, ಖರ್ಚು ಯಾರು ಹೊತ್ತರು ಎಂದು ನೋಡುತ್ತ ಹೋದರೆ ನಮ್ಮ ಸಭೆಯ ಜಗಳಕ್ಕೂ ಒಂದು ದಾರಿ ಸಿಗುತ್ತದೆ.

ಧೋಬಿ ತಲಾವಿನ ಜೇರ್ ಮಹಲ್ ಕಟ್ಟಡವನ್ನು ನೀವು ನೋಡಿರುತ್ತೀರಿ. ಅದರೊಳಗೆ, ಸುತ್ತಮುತ್ತಲ ಗಲ್ಲಿಗಳೊಳಗೆ ಗೋವಾದವರ 'ಕುಡ್'ಗಳಿವೆ. ಒಂದೊಂದು ಊರಿನವರು ಸೇರಿ ಮಾಡಿಕೊಂಡ ತಂಗುದಾಣಗಳು ಅವು. ಹಡಗಿನ ಕೆಲಸಕ್ಕೆ ಕಾಯುವವನು, ಅಡುಗೆಯವನು, ಪಿಟೀಲು ಪೆಟ್ಟಿಗೆ ಹಿಡಿದು ಬಂದವನು, ಎಲ್ಲರೂ ಅಗ್ಗದ ಬಾಡಿಗೆಗೆ ಅಲ್ಲಿ ಇರುತ್ತಿದ್ದರು. ಟ್ರಂಕೇ ಅವರ ಆಸ್ತಿ, ಸಂಜೆ ಒಟ್ಟಿಗೆ ಪ್ರಾರ್ಥನೆ, ವರ್ಷಕ್ಕೊಮ್ಮೆ ಊರಿನ ಸಂತನ ಹಬ್ಬ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಅಲ್ಲೇ ಬೆಂಚಿನ ಮೇಲೆ ಮಲಗಿದ ನಮ್ಮವರ ಕತೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗೋವಾದ ಇಗರ್ಜಿ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿ ಕಲಿಸುತ್ತಿದ್ದರು. ಆ ಕಲಿಕೆಯೇ ಇವರಿಗೆ ಮುಂಬಯಿಯಲ್ಲಿ ಅನ್ನ ಕೊಟ್ಟಿತು. 1935ರಲ್ಲಿ ಅಮೆರಿಕದ ಕಪ್ಪು ವಾದಕ ಲಿಯಾನ್ ಅಬ್ಬೆ ತನ್ನ ತಂಡದೊಂದಿಗೆ ತಾಜ್ ಹೋಟೆಲಿಗೆ ಬಂದ. ಅವನ ಹಿಂದೆಯೇ ತುತ್ತೂರಿಯ ಕ್ರಿಕೆಟ್ ಸ್ಮಿತ್, ಪಿಯಾನೋದ ಟೆಡ್ಡಿ ವೆದರ್‌ಫರ್ಡ್ ಬಂದರು. ತಮ್ಮ ದೇಶದಲ್ಲಿ ಬಿಳಿಯರ ಹೋಟೆಲಿನ ಮುಂಬಾಗಿಲಿನಿಂದ ಒಳಹೋಗಲಾರದವರು ಇಲ್ಲಿ ತಾಜಿನ ವೇದಿಕೆಯ ಮೇಲಿದ್ದರು. ಅವರನ್ನು ನೋಡಿ, ಅವರ ಜೊತೆ ನುಡಿಸಿ ಗೋವಾದ ಹುಡುಗರು ಜಾಝ್ ಕಲಿತರು. ಅಲ್ಡೋನಾದ ಆಂಟೋನಿಯೊ ಝೇವಿಯರ್ ವಾಝ್ ಎಂಬುವನು ಚಿಕ್ ಚಾಕೊಲೇಟ್ ಎಂಬ ಹೆಸರಿನಲ್ಲಿ ಪ್ರಸಿದ್ಧನಾದ. ಜನ ಅವನನ್ನು ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎಂದು ಕರೆದರು. ನರೇಶ್ ಫರ್ನಾಂಡಿಸ್ ಅವರ 'ತಾಜ್ ಮಹಲ್ ಫಾಕ್ಸ್‌ಟ್ರಾಟ್' ಪುಸ್ತಕದಲ್ಲಿ ಈ ಕಾಲದ ಫೋಟೋಗಳನ್ನು ನೋಡುತ್ತ ನಾನು ಎಷ್ಟೋ ಭಾನುವಾರ ಕಳೆದಿದ್ದೇನೆ.

ಆದರೆ ಕೇಳುವವರು ಯಾರು? ಸೂಟು ತೊಟ್ಟು ಊಟಕ್ಕೆ ಬರಬಲ್ಲವರು. ಜೇರ್ ಮಹಲಿನ ಮಂಚದಿಂದೆದ್ದು ಹೋದವನು ವೇದಿಕೆಯ ಮೇಲೆ ಇರಬಹುದಿತ್ತು, ಅವನ ಪಕ್ಕದ ಮಂಚದವನು ಸಭಿಕನಾಗುವಂತಿರಲಿಲ್ಲ.

ಇದು ಬದಲಾದದ್ದು ವಿಚಿತ್ರ ರೀತಿಯಲ್ಲಿ. 1949ರ ಕಾಯಿದೆಯಿಂದ ಮುಂಬಯಿ ಪ್ರಾಂತ್ಯಕ್ಕೆ ಪಾನನಿಷೇಧ ಬಂತು. ಹೋಟೆಲುಗಳ ವ್ಯಾಪಾರ ಕುಸಿದಂತೆ ವಾದ್ಯವೃಂದಗಳ ಸಂಬಳವೂ ಕುಸಿಯಿತು. ವಾದಕರು ಹಿಂದಿ ಸಿನಿಮಾ ಸ್ಟುಡಿಯೋಗಳ ಕಡೆ ಹೊರಳಿದರು. ರಾಗ ಮನಸ್ಸಿನಲ್ಲಿದ್ದ ಸಂಗೀತ ನಿರ್ದೇಶಕರಿಗೆ ಅದನ್ನು ಹತ್ತಾರು ವಾದ್ಯಗಳಿಗೆ ಹಂಚಿ ಬರೆದುಕೊಡುವವರು ಬೇಕಿತ್ತು. ಸೆಬಾಸ್ಟಿಯನ್ ಡಿಸೋಜ, ಫ್ರಾಂಕ್ ಫರ್ನಾಂಡ್, ಆಂಥನಿ ಗೊನ್ಸಾಲ್ವಿಸ್ ಮೊದಲಾದವರು ಆ ಕೆಲಸ ಮಾಡಿದರು. 1951ರ 'ಅಲ್ಬೇಲಾ'ದಲ್ಲಿ ಸಿ. ರಾಮಚಂದ್ರರ ಹಾಡುಗಳಿಗೆ ಚಿಕ್ ಚಾಕೊಲೇಟನ ಜಾಝ್ ಬಿಸಿ ತುಂಬಿತು. ತಾಜಿನ ಮೆಟ್ಟಿಲು ಹತ್ತದವರು ಇರಾನಿ ಹೋಟೆಲಿನ ರೇಡಿಯೋ ಕೆಳಗೆ ನಿಂತು ಜಾಝ್ ಕೇಳಿದರು. ಕೇಳಿದ್ದು ಜಾಝ್ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಜೇರ್ ಮಹಲಿನಿಂದ ಕೊಂಚ ಮುಂದೆ ಸೇಂಟ್ ಝೇವಿಯರ್ಸ್ ಕಾಲೇಜು. ಅದರ ಅಂಗಳದಲ್ಲಿ 1958ರಲ್ಲಿ ಆಂಥನಿ ಗೊನ್ಸಾಲ್ವಿಸ್ ತಮ್ಮ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದರು. ಹಿಂದೂಸ್ತಾನಿ ರಾಗಗಳನ್ನು ದೊಡ್ಡ ವಾದ್ಯವೃಂದಕ್ಕೆ ಬರೆದಿದ್ದರು. ಶಿಷ್ಯ ಪ್ಯಾರೇಲಾಲ್ ಮುಂದೆ 1977ರ 'ಅಮರ್ ಅಕ್ಬರ್ ಆಂಥನಿ'ಯಲ್ಲಿ ಗುರುವಿನ ಹೆಸರನ್ನು ದೇಶವೆಲ್ಲ ಹಾಡುವಂತೆ ಮಾಡಿದರು. ಅದೇ 1958ರಲ್ಲಿ ಅಮೆರಿಕದ ಡೇವ್ ಬ್ರೂಬೆಕ್ ಮುಂಬಯಿಗೆ ಬಂದು ಸಿತಾರಿನ ಅಬ್ದುಲ್ ಹಲೀಂ ಜಾಫರ್ ಖಾನರೊಂದಿಗೆ ಕೂತು ನುಡಿಸಿದ್ದರು.

ಕಾಲೇಜಿಗೆ ತಾಗಿಕೊಂಡೇ ರಂಗಭವನವೆಂಬ ಬಯಲು ರಂಗಮಂದಿರ. ನನ್ನ ಕತೆಯ ನಡುಮನೆ ಇದು. ನಿರಂಜನ್ ಝವೇರಿ ಎಂಬ ಜಾಝ್ ಹುಚ್ಚಿನವರು 1952ರಷ್ಟು ಹಿಂದೆಯೇ ಗೆಳೆಯರೊಂದಿಗೆ 'ಬ್ಲೂ ರಿದಂ' ಎಂಬ ಪತ್ರಿಕೆ ನಡೆಸಿದ್ದರು. ಆಮೇಲೆ ಜಾಝ್ ಇಂಡಿಯಾ ಎಂಬ ಸಂಸ್ಥೆ ಕಟ್ಟಿ, 1978ರಲ್ಲಿ 'ಜಾಝ್ ಯಾತ್ರಾ' ಎಂಬ ಉತ್ಸವ ಆರಂಭಿಸಿದರು. ಮೊದಲ ಯಾತ್ರೆಗೇ ಸ್ಯಾಕ್ಸೋಫೋನ್ ದಿಗ್ಗಜ ಸೋನಿ ರೋಲಿನ್ಸ್ ಬಂದರು. ಇದು ಪುಕ್ಕಟೆ ಉತ್ಸವವಲ್ಲ, ಟಿಕೆಟ್ ಇತ್ತು. ಆದರೆ ತಾಜಿನ ಊಟದ ಮೇಜಿನಿಂದ ಜಾಝ್ ಎದ್ದು ಬಂದು ಆಕಾಶದ ಕೆಳಗೆ ಕೂತಿತು. ಬಯಲು ರಂಗಮಂದಿರದ ಗೋಡೆ ಆಳಿಗೆ ಅಡ್ಡವಾದೀತು, ಸ್ವರಕ್ಕೆ ಅಡ್ಡವಾಗದು.

ಇಲ್ಲೇ ನಮ್ಮವರೂ ಬರುತ್ತಾರೆ. ಬಂಟ್ವಾಳ ತಾಲೂಕಿನ ಸಜೀಪಮೂಡದ ನಾಗಸ್ವರ ವಾದಕರ ಮಗ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾದವರು. ಗಮಕಕ್ಕೆ ಬಗ್ಗದ ಆ ಲೋಹದ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಬಗ್ಗಿಸಲು ವರ್ಷಗಟ್ಟಲೆ ಹೆಣಗಿದರು. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅವರು ನುಡಿಸಿದ್ದನ್ನು ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ ಕೇಳಿದರು. ಕೇಳಿದವರು ಸುಮ್ಮನೆ ಕೂರಲಿಲ್ಲ, ನಿಮ್ಮ ಜೊತೆ ನಾನೂ ನುಡಿಸಲೇ ಎಂದು ಕೇಳಿ ವೇದಿಕೆ ಹತ್ತಿದರು. ಕದ್ರಿಯವರ ಬದುಕು ತಿರುಗಿದ್ದು ಅಲ್ಲಿಂದ. 1994ರಲ್ಲಿ ಅವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಕರ್ನಾಟಕ ತಾಳವಾದ್ಯ ಕಾಲೇಜೂ ಈ ದಾರಿ ತುಳಿಯಿತು. ಗಾಯಕಿ ಆರ್.ಎ. ರಮಾಮಣಿ ಮತ್ತು ಸಂಗಡಿಗರು ಚಾರ್ಲಿ ಮರಿಯಾನೊ ಎಂಬ ಜಾಝ್ ವಾದಕನೊಂದಿಗೆ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಂ ತಂದರು.

ಮದುವೆ ಮನೆಗಳಲ್ಲಿ ಕದ್ರಿಯವರ ಕ್ಯಾಸೆಟ್ ಕೇಳಿ ಬೆಳೆದ ನನಗೆ, ಅವರ ಹೆಸರು ಧೋಬಿ ತಲಾವಿನವರ ಸಂಗೀತದ ಕತೆಯಲ್ಲೂ ಬರುತ್ತದೆ ಎಂದು ಗೊತ್ತಾದದ್ದು ಈ ಊರಿಗೆ ಬಂದು ಎಷ್ಟೋ ವರ್ಷದ ಮೇಲೆ. ಅದುವರೆಗೆ ಜಾಝ್ ಎಂದರೆ 'ಅವರದ್ದು' ಎಂದು ಮುಂದೆ ಸಾಗುತ್ತಿದ್ದೆ.

ರಂಗಭವನದ ಬಾಯಿ ಈಗ ಕಟ್ಟಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ಜಾಗವನ್ನು ಶಾಂತ ವಲಯವೆಂದು ಘೋಷಿಸಬಹುದು. ರಂಗಭವನದ ಪಕ್ಕದಲ್ಲಿ ಕಾಲೇಜು, ಆಸ್ಪತ್ರೆ ಎರಡೂ ಇವೆ. ಧ್ವನಿವರ್ಧಕದ ಸಂಗೀತ ಅಲ್ಲಿ ನಿಂತಿತು. ಅದೇ ನಿಯಮಗಳು ರಾತ್ರಿ ಹತ್ತರ ಗಡಿಯನ್ನೂ ಎಳೆದವು. ಬೆಳಗಿನವರೆಗೆ ಆಡುತ್ತಿದ್ದ ನಮ್ಮ ಯಕ್ಷಗಾನ 'ಕಾಲಮಿತಿ'ಗೆ ಬಂದದ್ದಕ್ಕೆ ಇದೂ ಒಂದು ಕಾರಣ. ಕಾಯಿಲೆಯವರ ನಿದ್ದೆ ದೊಡ್ಡದು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ನಿಂತ ಜಾಗಕ್ಕೆ ಬದಲಿ ಜಾಗವನ್ನು ಯಾರೂ ಕೊಡಲಿಲ್ಲ ಎಂಬುದು ಎರಡು ಸಂಗೀತಗಳಿಗೂ ಆದ ನಷ್ಟ.

ನಡಿಗೆಯ ಕೊನೆಗೆ ಕಾಲಾ ಘೋಡಾ. ಅಲ್ಲಿದ್ದ ಏಳನೇ ಎಡ್ವರ್ಡನ ಕರಿ ಕುದುರೆಯ ಪ್ರತಿಮೆ 1965ರಲ್ಲೇ ಬೈಕುಲ್ಲಾಕ್ಕೆ ಹೋಯಿತು. ಹೆಸರು ಉಳಿಯಿತು. 2017ರಲ್ಲಿ ಸವಾರನಿಲ್ಲದ ಹೊಸ ಕುದುರೆ ಬಂದು ನಿಂತಿದೆ. ಎದುರಿನ ರಿದಂ ಹೌಸ್ ಅಂಗಡಿಯ ಗಾಜಿನ ಗೂಡುಗಳಲ್ಲಿ ನಿಂತು, ಕೊಳ್ಳುವ ಮುಂಚೆ ಸಂಗೀತ ಕೇಳಬಹುದಿತ್ತು. ಕೊಳ್ಳಲಾಗದ ನನ್ನಂಥವರೂ ಕೇಳಿ ಬರುತ್ತಿದ್ದೆವು. 2016ರಲ್ಲಿ ಅದು ಮುಚ್ಚಿತು.

ಆದರೆ 1999ರಿಂದ ಇಲ್ಲಿ ಚಳಿಗಾಲದಲ್ಲಿ ಕಲಾ ಉತ್ಸವ ನಡೆದು ಬಂದಿದೆ. ಈ ಹಳೆಯ ಕಟ್ಟಡಗಳ ಸುತ್ತಲನ್ನು ಕಾಪಾಡಲೆಂದು ಹುಟ್ಟಿದ ಸಂಘವೊಂದು ಸ್ವಯಂಸೇವಕರ ಬಲದಿಂದ ನಡೆಸುವ ಉತ್ಸವ. ಪ್ರವೇಶ ಪುಕ್ಕಟೆ. ಒಂದು ವರ್ಷ ಕ್ರಾಸ್ ಮೈದಾನದಲ್ಲಿ ಒಂದು ಬ್ಲೂಸ್ ತಂಡ ನುಡಿಸುವಾಗ ನನ್ನ ಪಕ್ಕದಲ್ಲಿ ಒಬ್ಬ ಡಬ್ಬಾವಾಲಾ, ಅವನ ಪಕ್ಕದಲ್ಲಿ ಲ್ಯಾಪ್‌ಟಾಪ್ ಚೀಲದ ಹುಡುಗಿ ನಿಂತಿದ್ದರು. ಮೂವರಿಗೂ ಇಂಗ್ಲಿಷ್ ಮಾತು ಎಷ್ಟು ಅರ್ಥವಾಯಿತೋ, ತಾಳಕ್ಕೆ ಮಾತ್ರ ಮೂವರ ಕಾಲೂ ಅಲ್ಲಾಡುತ್ತಿತ್ತು. ಬ್ಲೂಸ್ ಕೂಡ ವಲಸೆ ಬಂದವರ ಸಂಗೀತವೇ ತಾನೆ? ದಕ್ಷಿಣದ ಹತ್ತಿ ಹೊಲಗಳಿಂದ ಷಿಕಾಗೋಗೆ ಕೆಲಸ ಹುಡುಕಿ ಹೋದ ಕಪ್ಪು ಜನ ಜೊತೆಗೆ ಒಯ್ದದ್ದು. ಆ ಊರಿನಲ್ಲಿ 1984ರಿಂದ ಬ್ಲೂಸ್ ಉತ್ಸವ ಪುಕ್ಕಟೆಯಾಗಿಯೇ ನಡೆದು ಬಂದಿದೆ. ಮುಂಬಯಿಯಲ್ಲಿ 2011ರಿಂದ ಮೆಹಬೂಬ್ ಸ್ಟುಡಿಯೋದಲ್ಲಿ ನಡೆದ ದೊಡ್ಡ ಬ್ಲೂಸ್ ಉತ್ಸವಕ್ಕೆ ಟಿಕೆಟ್ ಇತ್ತು. ಬಡ್ಡಿ ಗೈ ಅಂಥವರನ್ನು ಕರೆಸುವ ಖರ್ಚು ಸಣ್ಣದಲ್ಲ.

ಶೆಟ್ರ ಮಾತಿಗೆ ಉತ್ತರ ನನಗೆ ಹೊಳೆದದ್ದು ಜಾಝಿನಿಂದಲ್ಲ, ಊರಿನಿಂದ. ನಮ್ಮಲ್ಲಿ ಎರಡು ಬಗೆಯ ಆಟ ಇತ್ತಲ್ಲ. ಟೆಂಟ್ ಮೇಳಕ್ಕೆ ಟಿಕೆಟ್. ಹರಕೆಯ ಬಯಲಾಟಕ್ಕೆ ಟಿಕೆಟ್ ಇಲ್ಲ. ಹರಕೆಯಾಟ ಪುಕ್ಕಟೆಯೇ? ನೋಡುವವನಿಗೆ ಮಾತ್ರ. ಮೇಳದ ವೀಳ್ಯ ಆಡಿಸುವ ಮನೆಯದು, ಚಪ್ಪರ, ಊಟ, ಬೆಳಕಿನ ಕೆಲಸ ಊರಿನ ಹುಡುಗರದು. ಕಲಾವಿದ ಬರಿಗೈಲಿ ಹೋಗುವುದಿಲ್ಲ. ಕಾಲಾ ಘೋಡಾದಲ್ಲಿ ಪ್ರಾಯೋಜಕರ ಹಣ ಮತ್ತು ಕುರ್ಚಿ ಹೊರುವ ಕಾಲೇಜು ಮಕ್ಕಳ ಬೆವರು ಅದೇ ಲೆಕ್ಕದಲ್ಲಿ ಸೇರುತ್ತದೆ. ಖರ್ಚು ಇಲ್ಲದೆ ಪುಕ್ಕಟೆಯಾಗುವುದಿಲ್ಲ. ಬಾಗಿಲಲ್ಲಿ ಕೇಳದೆ, ಮೊದಲೇ ಬೇರೆಯವರು ಹೊತ್ತುಕೊಂಡಿರುತ್ತಾರೆ.

ಮುಂದಿನ ಸಭೆಯಲ್ಲಿ ಇದನ್ನೇ ಹೇಳಿದೆ. ಜಾಝಿನ ಕತೆಯನ್ನೂ ಸ್ವಲ್ಪ ಸೇರಿಸಿದೆ, ಕದ್ರಿಯವರ ಹೆಸರು ಬಂದಾಗ ಎಲ್ಲರೂ ಕಿವಿ ನಿಮಿರಿಸಿದರು. ಶೆಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹರಕೆ ಅಂತ ಮಾಡುವ, ಮೇಳದ ಅರ್ಧ ಖರ್ಚು ನನ್ನದು. ಆದರೆ ಕುರ್ಚಿ ನೀವೇ ಹೊರಬೇಕು" ಎಂದರು.

ಹೊತ್ತೆವು. ಇನ್ನೂರು ಕುರ್ಚಿ. ಆಟ ಸಂಜೆ ಐದಕ್ಕೆ ಶುರುವಾಗಿ ಒಂಬತ್ತೂವರೆಗೆ ಮಂಗಳ ಹಾಡಿತು. ಹಿಂದಿನ ಸಾಲಿನಲ್ಲಿ ಶೆಟ್ರ ಹೋಟೆಲಿನ ಹುಡುಗರು ಪಾಳಿ ಬದಲಿಸಿಕೊಂಡು ಬಂದು ಕೂತಿದ್ದರು.